ಗಾಡಿ ಕ್ಯಾಂಪರ್, ಕಾಗದ ವ್ಯಾನ್

ಹಳೆಯ ಫೋರ್ಡ್ ಟ್ರಾನ್ಸಿಟ್ ಕೊಂಡು ಅದನ್ನು ಕ್ಯಾಂಪರ್‌ವ್ಯಾನ್ ಮಾಡಿಕೊಳ್ಳುತ್ತೇನೆ ಎಂದಾಗ ಇಂಗ್ಲೆಂಡಿನ ನಮ್ಮ ಕನ್ನಡ ಗೆಳೆಯರೆಲ್ಲ ವಿಚಾರಿಸಿದ್ದು ಹಾಸಿಗೆ, ಒಲೆ, ಟಾಯ್ಲೆಟ್ಟಿನ ಬಗ್ಗೆ. ಎಷ್ಟು ವೇಗದಲ್ಲಿ ಓಡಿಸಬಹುದು ಎಂದು ಒಬ್ಬರೂ ಕೇಳಲಿಲ್ಲ. ಮರಗೆಲಸಕ್ಕಿಂತ ಹೆಚ್ಚು ತಲೆ ತಿಂದದ್ದು ಮಾತ್ರ ಅದೇ.

ಬ್ರಿಟನ್ನಿನಲ್ಲಿ ಊರಾಚೆಯ ರಸ್ತೆಗೆ ಬಂದರೆ ಬಿಳಿ ವೃತ್ತಕ್ಕೆ ಓರೆಯಾಗಿ ಕಪ್ಪು ಗೆರೆ ಎಳೆದ ಫಲಕ ಸಿಗುತ್ತದೆ. ಅದರಲ್ಲಿ ಅಂಕಿಯೇ ಇರುವುದಿಲ್ಲ. ಯಾವ ಗಾಡಿಗೆ ಎಷ್ಟು ಎಂಬುದನ್ನು ಓಡಿಸುವವರೇ ತಿಳಿದಿರಬೇಕು. ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಕಾರಿಗೆ ಗಂಟೆಗೆ 60 ಮೈಲಿ, ಸರಕಿನ ವ್ಯಾನಿಗೆ 50. ಡ್ಯುಯಲ್ ಕ್ಯಾರೇಜ್‌ವೇನಲ್ಲಿ ಕಾರಿಗೆ 70, ವ್ಯಾನಿಗೆ 60. ಮೋಟಾರ್‌ವೇನಲ್ಲಿ ಎರಡಕ್ಕೂ 70. ವಾಸಕ್ಕೆ ಸಜ್ಜಾದ ಗಾಡಿ, ಅಂದರೆ ‘ಮೋಟಾರ್ ಕ್ಯಾರವಾನ್’, ಖಾಲಿ ತೂಕದಲ್ಲಿ 3.05 ಟನ್ ಮೀರದಿದ್ದರೆ ಕಾರಿನ ಮಿತಿಯೇ ಅದಕ್ಕೂ. ಮೀರಿದರೆ ಮತ್ತೆ 50, 60ರ ಲೆಕ್ಕ.

ಹಾಗಾದರೆ ವ್ಯಾನು ಯಾವ ಗಳಿಗೆಯಲ್ಲಿ ಕ್ಯಾರವಾನ್ ಆಗುತ್ತದೆ? 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯ 6ನೇ ಅನುಸೂಚಿ ನೋಡುವುದು ಗಾಡಿಯ ಒಳಗನ್ನು. ಜನ ಮತ್ತು ಅವರ ಸಾಮಾನು ಒಯ್ಯಲು ಗಾಡಿಯನ್ನು ಕಟ್ಟಿರಬೇಕು ಇಲ್ಲವೇ ಮಾರ್ಪಡಿಸಿರಬೇಕು. ವಾಸಕ್ಕೆ ಬೇಕಾದ ಸೌಲಭ್ಯಗಳು ಅದರಲ್ಲಿ ಕಾಯಂ ಆಗಿ ಕೂತಿರಬೇಕು. ಹಿಂದೆ ಒಂದು ಹಾಸಿಗೆ ಎಸೆದು, ಗ್ಯಾಸ್ ಸ್ಟವ್ ಇಟ್ಟುಕೊಂಡರೆ ಸಾಲದು. ಹಾಗಾಗಿ ಮಂಚ, ಮೇಜು, ಒಲೆ, ಕಪಾಟು ಎಲ್ಲಕ್ಕೂ ಬೋಲ್ಟ್ ಬಿಗಿಯುವವರೆಗೆ ನಾನು 50 ದಾಟಲಿಲ್ಲ. ಹಿಂದೆ ಕಾರುಗಳ ಸಾಲು ಬೆಳೆದಾಗ ರಸ್ತೆಬದಿಯ ತಂಗುಜಾಗ ಲೇಬೈಗೆ ಸರಿದು ದಾರಿ ಬಿಡುವುದೂ ರೂಢಿಯಾಯಿತು.

ಕಾಗದದ ಕಥೆ ಬೇರೆ. ನಮ್ಮ ಆರ್‌ಸಿಯ ಹಾಗೆ ಇಲ್ಲಿ ವಿ5ಸಿ ಇದೆ. ಎಲ್ಲರ ಬಾಯಲ್ಲೂ ಅದು ಲಾಗ್‌ಬುಕ್. ಅದರಲ್ಲಿ ಗಾಡಿಯ ಬಾಡಿ ಯಾವ ಬಗೆಯದೆಂದು ಬರೆದಿರುತ್ತದೆ. ಬದಲಿಸಬೇಕಾದರೆ ಫೋಟೊಗಳ ಸಮೇತ ಅದನ್ನು ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ಕಳಿಸಬೇಕು. ಅವರು ಹೊರನೋಟವನ್ನೂ ತೂಗುತ್ತಾರೆ: ಒಂದು ಪಕ್ಕದಲ್ಲಾದರೂ ಎರಡು ಕಿಟಕಿ, ವಾಸದ ಭಾಗಕ್ಕೆ ಪ್ರತ್ಯೇಕ ಬಾಗಿಲು, ಎತ್ತರದ ಮಾಡು, ನೆರಳುಬಟ್ಟೆ ಕಟ್ಟುವ ಪಟ್ಟಿ, ಎರಡೂ ಪಕ್ಕಕ್ಕೆ ಕ್ಯಾರವಾನಿನಂಥ ಚಿತ್ತಾರ. ಎತ್ತಿ ಇಳಿಸುವ ಪಾಪ್‌ಟಾಪ್ ಅವರ ಲೆಕ್ಕಕ್ಕೆ ಎತ್ತರದ ಮಾಡಲ್ಲ. ಸಾದಾ ಬಿಳಿ ಗಾಡಿಯಾದರೆ ರಾತ್ರಿ ಎಲ್ಲಿ ನಿಲ್ಲಿಸಿದರೂ ಯಾರ ಕಣ್ಣಿಗೂ ಬೀಳದು ಎಂದು ನಾನು ಚಿತ್ತಾರ ಬೇಡವೆಂದೆ. ಲಾಗ್‌ಬುಕ್ಕಿನಲ್ಲಿ ಬಂದದ್ದು ‘ಪಕ್ಕದ ಕಿಟಕಿಗಳಿರುವ ವ್ಯಾನ್’. ಒಳಗೆ ಅಡುಗೆಮನೆ, ಕಾಗದದ ಮೇಲೆ ವ್ಯಾನ್.

ಇದರಿಂದ ನನ್ನ ಮಿತಿ 50ಕ್ಕೆ ಇಳಿಯುವುದಿಲ್ಲ. ಮಿತಿಯನ್ನು ಗೊತ್ತುಮಾಡುವುದು ಕಾಯ್ದೆಯ ವ್ಯಾಖ್ಯೆ, ಲಾಗ್‌ಬುಕ್ಕಿನ ಪದ ಅಲ್ಲ. ಆದರೆ ಸ್ಕಾಟ್ಲೆಂಡಿನ ಎ9 ರಸ್ತೆಯಲ್ಲಿ 2014ರಿಂದ ಸರಾಸರಿ ವೇಗ ಅಳೆಯುತ್ತಿರುವ ಕ್ಯಾಮೆರಾಗಳಿಗೆ ಕಾಣುವುದು ನಂಬರ್ ಪ್ಲೇಟು, ನನ್ನ ಒಲೆಯಲ್ಲ. ನೋಟಿಸ್ ಬಂದರೆ ಅದು ಲಾಗ್‌ಬುಕ್ಕಿನಲ್ಲಿ ಹೆಸರಿರುವವರಿಗೆ, 14 ದಿನದೊಳಗೆ. ಸಾಮಾನ್ಯವಾಗಿ 100 ಪೌಂಡ್ ದಂಡ, ಲೈಸೆನ್ಸಿನ ಮೇಲೆ ಮೂರು ಪಾಯಿಂಟ್. ಇದು ವ್ಯಾನಲ್ಲ ಎಂದು ತೋರಿಸಬೇಕಾದ ಪಾಡು ನನ್ನದು. ಅದಕ್ಕೇ ಕೆಲಸದ ಒಂದೊಂದು ಹಂತದ ಫೋಟೊ, ಬಿಲ್ಲುಗಳು, ತೂಕದ ಚೀಟಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ವಿಮೆಯವರಿಗೂ ಅವೇ ಫೋಟೊ ಕಳಿಸಿ, ಆದ ಮಾರ್ಪಾಟನ್ನೆಲ್ಲ ತಿಳಿಸಿದ್ದೇನೆ.

ತೂಕದ ಚೀಟಿ ತಂದದ್ದು ಗುಜರಿ ಅಂಗಡಿಯ ವೇಬ್ರಿಡ್ಜಿನಿಂದ. ನೀರಿನ ಟ್ಯಾಂಕು ಖಾಲಿ ಮಾಡಿ, ಪಾತ್ರೆ, ಹಾಸಿಗೆಬಟ್ಟೆ ಇಳಿಸಿ, ನಾನೂ ಇಳಿದು ನಿಂತೆ. 2,760 ಕಿಲೊ. 3.05 ಟನ್ನಿನ ಗೆರೆಗೆ ದೂರವೇ ಇತ್ತು. ಆದರೆ ತುಂಬಿದ ಗಾಡಿಯ ಗರಿಷ್ಠ ತೂಕ 3,500. ನಾವಿಬ್ಬರು, ಡೀಸೆಲ್, ನೀರು, ಸೈಕಲ್ಲು, ಮೇಲೆ ಅಕ್ಕಿಮೂಟೆ ಎಂದು ಕೂಡಿಸಿದರೆ ಉಳಿಯುವುದು ಹೆಚ್ಚೇನಿಲ್ಲ. ಆ ಮಿತಿ ಮೀರಿದರೆ ಲೈಸೆನ್ಸಿನ ತೊಡಕೂ ಇದೆ. ಭಾರತದ ಲೈಸೆನ್ಸನ್ನು ಇಲ್ಲಿನದಕ್ಕೆ ನೇರ ಬದಲಿಸಿಕೊಡುವುದಿಲ್ಲ. ಹೊಸದಾಗಿ ಟೆಸ್ಟ್ ಪಾಸಾಗಬೇಕು. 1997ರ ಜನವರಿಯಿಂದೀಚೆಗೆ ಕಾರಿನ ಟೆಸ್ಟ್ ಪಾಸಾದವರ ಲೈಸೆನ್ಸು ಇಂಥ ಡೀಸೆಲ್ ಗಾಡಿಗೆ 3.5 ಟನ್‌ವರೆಗೆ ಮಾತ್ರ. ನಮ್ಮಲ್ಲಿ ಬಹುತೇಕರು ಆ ಗುಂಪಿನವರೇ.

ಗಾಡಿಯೊಳಗೆ ನಿಜಕ್ಕೂ ಇಣುಕಿ ನೋಡಿದ್ದು ಗಾಡಿಯ ಸುಸ್ಥಿತಿ ನೋಡುವ ವಾರ್ಷಿಕ ಎಂಒಟಿ ಪರೀಕ್ಷೆಯವರು. ಈ ತೂಕದ ಸರಕು ವ್ಯಾನಾದರೆ ಕ್ಲಾಸ್ 7, ಕ್ಯಾರವಾನಾದರೆ ಕ್ಲಾಸ್ 4. ಕ್ಲಾಸ್ 7 ಎಲ್ಲ ಗ್ಯಾರೇಜುಗಳಲ್ಲೂ ಸಿಗುವುದಿಲ್ಲ. ಪರೀಕ್ಷಕ ಜಾರುಬಾಗಿಲು ಸರಿಸಿ, ಮೇಜಿನ ಕಾಲು ಹಿಡಿದು ಅಲ್ಲಾಡಿಸಿ, ಒಲೆ ಕೂರಿಸಿದ ಕಡೆ ಒಮ್ಮೆ ಬಗ್ಗಿ ನೋಡಿ, ಮಾತಿಲ್ಲದೆ ಕ್ಲಾಸ್ 4 ಎಂದು ಬರೆದುಕೊಂಡರು.

ಹುಬ್ಬಳ್ಳಿಯಿಂದ ತಮ್ಮ ಫೋನು ಮಾಡಿದ್ದ. “ಅಣ್ಣಾ, ನಾನೂ ಒಂದು ಟೆಂಪೊ ಟ್ರಾವೆಲರ್ ತಗೊಂಡು ಹಿಂಗ ಮಾಡ್ಲೇನು?” ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳು, ಆಮೇಲೆ ಬಡಗಿಯನ್ನು ಕರೆ ಎಂದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವೇಗದ ಮಿತಿ ಅಲ್ಲೂ ಗಾಡಿಯ ವರ್ಗ ನೋಡಿಯೇ. 2018ರ ಕೇಂದ್ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ಗಂಟೆಗೆ 120 ಕಿ.ಮೀ., ಸರಕು ಗಾಡಿಗೆ 80.

ಇಲ್ಲಿ ವ್ಯಾನು ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: ಬೆಲೆ ಮಾತಾಡುವ ಮೊದಲು ಗಾಡಿಯ ತೂಕದ ಫಲಕ ಓದಿ. ಮಂಚ, ಒಲೆ ಬೋಲ್ಟಾಗುವವರೆಗೆ ಅದು ಸರಕಿನ ವ್ಯಾನೇ ಎಂದು ತಿಳಿದು ಓಡಿಸಿ. ಬೋಲ್ಟಾದ ದಿನವೇ ಫೋಟೊ ತೆಗೆದಿಡಿ.