59 ದಿನದ ಆಯುಷ್ಯ

ಗೋಬಿ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಮಂಚೂರಿ. ಇಲ್ಲಿ ಹೇಳ್ತಿರೋ ಗೋಬಿ ಒಂದು ಮೀನು.

ಬಸವಕಲ್ಯಾಣ, ಹುಮನಾಬಾದ್ ಕಡೆಯವರಾದ ನಮಗೆ ಸಮುದ್ರ ದೂರ, ಆದರೆ ಗೋಬಿ ಕುಟುಂಬ ದೂರವಿಲ್ಲ. ಕಾರಂಜಾದ ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗ್ತದೆ. ಮುಲ್ಲಾಮಾರಿಯ ನೀರು ಕಾಗಿಣಾ, ಭೀಮಾ ಸೇರಿ ಕೃಷ್ಣೆಗೆ ಹೋಗ್ತದೆ. ಈ ಎರಡೂ ನದಿಗಳ ಜಲಾನಯನದಲ್ಲಿ ಗ್ಲಾಸೊಗೋಬಿಯಸ್ ಗ್ಯೂರಿಸ್ ಎಂಬ ಸಿಹಿನೀರಿನ ಗೋಬಿ ಇದೆ. ಅದರ ಹೊಟ್ಟೆಯ ಕಡೆಯ ಎರಡು ಈಜುರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ. ಹೆಚ್ಚಿನ ಗೋಬಿಗಳ ಗುರುತೇ ಇದು.

ಇದೇ ಕುಟುಂಬದ ಎವಿಯೋಟ ಸಿಜಿಲಾಟ ಹವಳದ ದಿಬ್ಬಗಳಲ್ಲಿ ಬದುಕುವ, ಸುಮಾರು 2 ಸೆಂ.ಮೀ. ಉದ್ದದ ಮೀನು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಇದನ್ನು ಅಧ್ಯಯನ ಮಾಡಿದ ಡೆಪ್ಚಿನ್ಸ್ಕಿ ಮತ್ತು ಬೆಲ್‌ವುಡ್, ಇದರ ಗರಿಷ್ಠ ಆಯುಷ್ಯ 59 ದಿನ ಎಂದು 2005ರಲ್ಲಿ ಪ್ರಕಟಿಸಿದರು. ನಮ್ಮ ಒಂದು ಸೆಮಿಸ್ಟರ್ ಮುಗಿಯೋದ್ರೊಳಗೆ ಇದರ ಇಡೀ ಜೀವನ ಮುಗಿದಿರ್ತದೆ!

ವಯಸ್ಸು ಗೊತ್ತಾಗೋದು ಹೇಗೆ? ಮೀನಿನ ಒಳಕಿವಿಯಲ್ಲಿ ಓಟೊಲಿತ್ ಎಂಬ ಪುಟ್ಟ ಸುಣ್ಣದ ಹರಳು ಇರ್ತದೆ. ಅದರ ಮೇಲೆ ದಿನಕ್ಕೊಂದು ಪದರ ಕೂಡ್ತದೆ. ಹರಳನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಉಂಗುರ ಎಣಿಸಿದರೆ ಆಯ್ತು. ಹುಟ್ಟಿನಿಂದಲೇ ಓಡ್ತಿರೋ ಡೇಟಾ ಲಾಗರ್ ಇದು.

ಮೊದಲ ಮೂರು ವಾರ ಮರಿಯಾಗಿ ತೆರೆದ ಕಡಲಲ್ಲಿ, ಮುಂದಿನ ಒಂದೆರಡು ವಾರ ದಿಬ್ಬಕ್ಕೆ ಬಂದು ಬೆಳೆಯೋದು, ಉಳಿದ ಮೂರೂವರೆ ವಾರ ಪ್ರಾಯ. ಅಷ್ಟರಲ್ಲೇ ಹೆಣ್ಣು ಮೂರು ಸಲ, ಒಟ್ಟು ಸುಮಾರು 400 ಮೊಟ್ಟೆ ಇಡ್ತದೆ. ಮೊಟ್ಟೆ ಕಾಯೋದು ಗಂಡಿನ ಕೆಲಸ.

ಇಷ್ಟು ಅವಸರ ಯಾಕೆ? ದಿಬ್ಬದಲ್ಲಿ ದಿನಕ್ಕೆ 100ರಲ್ಲಿ ಸುಮಾರು 8 ಮೀನು ಬೇರೆಯವರ ಬಾಯಿಗೆ ಹೋಗ್ತವೆ. ಲೆಕ್ಕ ಹಾಕಿ: ಮೊಟ್ಟೆ ಇಡೋದನ್ನು 14 ದಿನ ಮುಂದೂಡಿದರೆ ಉಳಿಯೋದು 0.92ರ 14ನೇ ಘಾತ, ಅಂದ್ರೆ 100ಕ್ಕೆ 31. ಕಾಯುವುದೇ ಇಲ್ಲಿ ನಷ್ಟ.

ಹಾಗಂತ ಈ ಬದುಕು ವ್ಯರ್ಥವಲ್ಲ. ಹವಳದ ದಿಬ್ಬದಲ್ಲಿ ಆಹಾರವಾಗುವ ಮೀನಿನ ತೂಕದಲ್ಲಿ ಸುಮಾರು 60 ಪ್ರತಿಶತ ಇಂಥ ಅಡಗಿ ಬದುಕುವ ಚಿಕ್ಕ ಮೀನುಗಳದ್ದೇ ಎಂದು 2019ರ ಸಂಶೋಧನೆ ತೋರಿಸಿತು. ದೊಡ್ಡ ಮೀನು ದೊಡ್ಡದಾಗೋದು ಇವುಗಳಿಂದ. ಸಮುದ್ರ ಬಿಸಿಯಾಗಿ ಹವಳ ಸತ್ತರೆ, ಮೊದಲು ಮನೆ ಕಳೆದುಕೊಳ್ಳುವವರಲ್ಲಿ ಇವೂ ಸೇರಿವೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ನಮ್ಮ ರಾಜ್ಯದ್ದೇ ಹವಳ ಇದೆ. ಅಲ್ಲಿಗೆ ಹೋದವರು ದೊಡ್ಡ ಮೀನು ನೋಡಿ ತಿರುಗಿ ಬರಬೇಡಿ, ಸಂದಿಗಳಲ್ಲೂ ಒಮ್ಮೆ ಇಣುಕಿ.