ಮಷೀನಿನಿಂದ ಎದ್ದ ಮೇಲೆ

ತಮ್ಮಾ, ಸೂಜಿ ತೆಗೆದು, ಪಟ್ಟಿ ಹಾಕಿ, ತೂಕ ಬರೆದುಕೊಂಡು "ಇನ್ನು ಮನೆಗೆ ಹೊರಡಿ" ಅಂದ ಮಾತ್ರಕ್ಕೆ ಆ ದಿನದ ಡಯಾಲಿಸಿಸ್ ಮುಗಿಯಿತು ಅಂದುಕೊಳ್ಳಬೇಡ. ರಾತ್ರಿ ಮಲಗುವವರೆಗೂ ಅದು ನಡೆಯುತ್ತಲೇ ಇದೆ ಎಂದು ತಿಳಿ. ಡಯಾಲಿಸಿಸ್ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದ ನಿನ್ನ ಈ ಅಕ್ಕ ಹೇಳಬೇಕಾದ ಮುಖ್ಯ ಮಾತು ಇದೇ. ಎಳನೀರು ಬೇಡ, ಬಾಳೆಹಣ್ಣು ಬೇಡ ಎಂದು ನಿನಗೆ ಎಲ್ಲರೂ ಹೇಳಿರುತ್ತಾರೆ. ಬೀಳದಂತೆ ನೋಡಿಕೋ ಎಂದು ಹೇಳುವವರು ಕಡಿಮೆ. ಕೆನಡಾದಲ್ಲಿ 65 ದಾಟಿದ ಡಯಾಲಿಸಿಸ್ ರೋಗಿಗಳನ್ನು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ವೈದ್ಯರು 2006ರಲ್ಲಿ ಬರೆದ ಪ್ರಕಾರ, ಹತ್ತಿರಹತ್ತಿರ ಅರ್ಧದಷ್ಟು ಮಂದಿ ಬಿದ್ದಿದ್ದರು, ಕೆಲವರು ಮತ್ತೆ ಮತ್ತೆ ಬಿದ್ದಿದ್ದರು.

ಯಾಕೆ ಹೀಗೆ? ಎರಡು ಮೂರು ದಿನ ಮೈಯಲ್ಲಿ ಸೇರಿದ ನೀರನ್ನು ಮಷೀನು ನಾಲ್ಕು ಗಂಟೆಯಲ್ಲಿ ಎಳೆದುಬಿಡುತ್ತದೆ. ಮೊದಲು ಕಡಿಮೆಯಾಗುವುದು ರಕ್ತದಲ್ಲಿನ ನೀರು. ಕಾಲಲ್ಲಿ, ಚರ್ಮದಡಿಯಲ್ಲಿ ನಿಂತದ್ದು ನಿಧಾನವಾಗಿ ರಕ್ತಕ್ಕೆ ಬಂದು ಆ ಕೊರತೆ ತುಂಬಬೇಕು. ಅದು ತುಂಬುವ ಮೊದಲೇ ನೀನು ಎದ್ದು ನಿಂತರೆ ಇದ್ದ ರಕ್ತವೂ ಕಾಲಿಗಿಳಿದು ಬಿಪಿ ಕುಸಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಆರೋಗ್ಯವಂತರಲ್ಲಿ ನರಗಳು ಆ ಕ್ಷಣವೇ ರಕ್ತನಾಳಗಳನ್ನು ಬಿಗಿಗೊಳಿಸಿ ಕಾಪಾಡುತ್ತವೆ. ನಿನ್ನ ಹಾಗೆ ಬಹುಕಾಲ ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ನರಗಳೇ ಮಂದವಾಗಿರುತ್ತವೆ. ಅಂಗಾಲಿನ ಜೋಮಿನಿಂದ ನೆಲ ಸರಿಯಾಗಿ ತಿಳಿಯುವುದಿಲ್ಲ, ಕಣ್ಣೂ ಮಸುಕು, ತೊಡೆಯ ಮಾಂಸವೂ ಕರಗಿರುತ್ತದೆ. ಇಷ್ಟೆಲ್ಲ ಇರುವಾಗ ಬಿದ್ದವನು "ವಯಸ್ಸಾಯಿತು, ಬಿದ್ದೆ" ಅಂದರೆ ನಾನು ಒಪ್ಪುವುದಿಲ್ಲ. ಇವುಗಳಲ್ಲಿ ಅನೇಕ ಕಾರಣಗಳಿಗೆ ನಾವು ಏನಾದರೂ ಮಾಡಬಹುದು.

ಹಾಸಿಗೆಯಿಂದಲೇ ಶುರು ಮಾಡು. ಮೊದಲು ಒರಗಿ ಕೂರು. ಆಮೇಲೆ ಕಾಲು ಇಳಿಬಿಟ್ಟು ಐದು ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಆಡಿಸು. ನಿಂತ ಮೇಲೂ ಮಂಚ ಹಿಡಿದು ಸ್ವಲ್ಪ ಹೊತ್ತು ನಿಂತೇ ಇರು. "ಸಿಸ್ಟರ್, ನಿಂತಾಗಿನ ಬಿಪಿಯನ್ನೂ ನೋಡಿ" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಮಲಗಿದಾಗ ಇದ್ದದ್ದಕ್ಕಿಂತ ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ನೀನು ಒಬ್ಬನೇ ಹೊರಡುವ ಸ್ಥಿತಿಯಲ್ಲಿಲ್ಲ. ಮುಂದಿನ ಸರದಿಯವರು ಕಾಯುತ್ತಿದ್ದಾರೆ ಎಂಬ ಮುಲಾಜಿಗೆ ಬಿದ್ದು ಎದ್ದು ಹೋದವರು ಹೊರಗಿನ ಕಾರಿಡಾರಿನಲ್ಲಿ ಕುಸಿದದ್ದನ್ನು ನಾನು ಕಂಡಿದ್ದೇನೆ. ಹೊರಗೆ ಬೆಂಚಿದೆ, ಅರ್ಧ ಗಂಟೆ ಕೂತು ಹೋಗು. ಬಸ್ಸಾದರೆ ಮೆಟ್ಟಿಲು ಎತ್ತರ, ಜೊತೆಗೆ ಯಾರಾದರೂ ಇರಲಿ. ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ, ಅಂದರೆ ಫಿಸ್ಟುಲಾ ಇರುವ ಕೈಯಲ್ಲಿ ಕಂಬಿಗೆ ಜೋತುಬೀಳಬೇಡ.

ಮನೆಗೆ ಬಂದವನೇ ಸುಸ್ತು ಹೋಗಲೆಂದು ಹಂಡೆಯ ಬಿಸಿನೀರು ಹೊಯ್ದುಕೊಳ್ಳುವ ಅಭ್ಯಾಸ ನಮ್ಮವರಿಗೆ. ಆ ಸಂಜೆ ಮಾತ್ರ ಖಂಡಿತ ಬೇಡ. ಬಿಸಿನೀರಿಗೆ ರಕ್ತನಾಳ ಹಿಗ್ಗಿ, ಮೊದಲೇ ಇಳಿದ ಬಿಪಿ ಇನ್ನೂ ಇಳಿಯುತ್ತದೆ. ಸೂಜಿ ಚುಚ್ಚಿದ ಜಾಗವೂ ಒದ್ದೆಯಾಗಬಾರದು. ಸ್ನಾನ ಮರುದಿನ ಬೆಳಿಗ್ಗೆ ಮಾಡು, ಅದೂ ಅಲುಗಾಡದ ಕುರ್ಚಿಯ ಮೇಲೆ ಕೂತು. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸು. ಕುಕ್ಕರಗಾಲಲ್ಲಿ ಕೂತು ದಿಢೀರನೆ ಏಳುವ ಕಕ್ಕಸು ನಿನ್ನಂಥವರಿಗೆ ಅಪಾಯ, ಕಮೋಡ್ ಕುರ್ಚಿ ತರಿಸು. ರಾತ್ರಿ ಮಂಚದಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯಲಿ. ಪಂಚೆ ಹಿಮ್ಮಡಿಗೆ ತೊಡರದಂತೆ ಎತ್ತಿ ಕಟ್ಟಿಕೋ. ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆ.

ಉಪ್ಪಿನಕಾಯಿಗೂ ಬೀಳುವುದಕ್ಕೂ ಏನು ಸಂಬಂಧ ಅನ್ನುತ್ತೀಯ. ಉಪ್ಪು ತಿಂದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಕುಡಿದರೆ ತೂಕ, ತೂಕ ಏರಿದಷ್ಟೂ ಮಷೀನು ಎಳೆಯಬೇಕಾದ ನೀರು ಹೆಚ್ಚು. 60 ಕೆಜಿಯ ಮನುಷ್ಯನಿಂದ ನಾಲ್ಕು ಗಂಟೆಯಲ್ಲಿ ಮೂರು ಲೀಟರಿಗಿಂತ ಹೆಚ್ಚು ತೆಗೆದರೆ ಹೃದಯಕ್ಕೂ ಬಿಪಿಗೂ ಕಷ್ಟ. ಹಪ್ಪಳ, ಉಪ್ಪಿನಕಾಯಿ ಬಿಟ್ಟವನು ಡಯಾಲಿಸಿಸ್ ಮುಗಿದ ಮೇಲೆ ತಲೆಸುತ್ತಿಲ್ಲದೆ ಏಳುವ ಸಂಭವ ಹೆಚ್ಚು.

ಮಾತ್ರೆಗಳನ್ನೂ ಡಾಕ್ಟರಿಗೆ ಒಮ್ಮೆ ತೋರಿಸು. ಡಯಾಲಿಸಿಸ್ ದಿನ ಬಿಪಿ ಮಾತ್ರೆ ಮೊದಲೋ ಆಮೇಲೋ ಎಂದು ಕೇಳು. ನೀನಾಗಿಯೇ ಬಿಡಬೇಡ. ಕಾಲುರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಕಿಡ್ನಿಯ ಮೂಲಕವೇ ಹೊರಹೋಗಬೇಕಾದವು. ಕಿಡ್ನಿ ಕೆಲಸ ಮಾಡದಿದ್ದಾಗ ಮೈಯಲ್ಲೇ ಉಳಿದು ತಲೆ ತಿರುಗಿಸುತ್ತವೆ, ಹೆಜ್ಜೆ ತಪ್ಪಿಸುತ್ತವೆ.

ಹಾಗೆಂದು ಹೆದರಿ ಮಂಚಕ್ಕಂಟಿಕೊಳ್ಳಬೇಡ. ಅದು ಇನ್ನೂ ಕೆಟ್ಟದ್ದು. ಇಟಲಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ತಿಂಗಳು ಮನೆಯಲ್ಲೇ ಸರಳ ನಡಿಗೆ ಮಾಡಿಸಿದರು. 2017ರಲ್ಲಿ ಅದರ ಫಲ ಪ್ರಕಟವಾಯಿತು: ಆರು ನಿಮಿಷದಲ್ಲಿ ನಡೆಯುವ ದೂರ ಸುಮಾರು 40 ಮೀಟರ್ ಹೆಚ್ಚಿತ್ತು, ಕುರ್ಚಿಯಿಂದ ಏಳುವುದೂ ಚುರುಕಾಗಿತ್ತು. ಡಾಕ್ಟರನ್ನು ಕೇಳಿ, ಡಯಾಲಿಸಿಸ್ ಇಲ್ಲದ ದಿನ ನೀನೂ ಅಂಗಳದಲ್ಲಿ ನಡೆ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸು. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಅಭ್ಯಾಸ ಮಾಡು, ಪಕ್ಕದಲ್ಲಿ ಮನೆಯವರು ಇರಲಿ.

ಇಷ್ಟಾದರೂ ಬಿದ್ದರೆ ಮುಚ್ಚಿಡಬೇಡ. ಮಕ್ಕಳು ಗಾಬರಿಯಾಗುತ್ತಾರೆ, ಓಡಾಟ ನಿಲ್ಲಿಸಿಬಿಡುತ್ತಾರೆ ಎಂದು ಎಷ್ಟೋ ಹಿರಿಯರು ನುಂಗಿಕೊಳ್ಳುತ್ತಾರೆ. ಕಿಡ್ನಿ ಕೆಟ್ಟವರ ಮೂಳೆ ಪೊಳ್ಳಾಗಿರುತ್ತದೆ, ಸೊಂಟದ ಹತ್ತಿರ ಸಣ್ಣ ನೋವೆಂದು ಕುಂಟಿಕೊಂಡು ತಿರುಗಬೇಡ. ಫಿಸ್ಟುಲಾ ಕೈ ಊರಿ ಬಿದ್ದಿದ್ದರೆ ಕೂಡಲೇ ಅದರ ಮೇಲೆ ಬೆರಳಿಟ್ಟು ನೋಡು. ಆ ಗುಯ್ ಅನ್ನುವ ಕಂಪನ ಸಿಗದಿದ್ದರೆ, ರಕ್ತ ಸೋರಿದರೆ ಅಥವಾ ಕೈ ಊದಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡು. ತಲೆಗೆ ಪೆಟ್ಟಾಗಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ಡಾಕ್ಟರಿಗೆ ತೋರಿಸು. ಮುಂದಿನ ಸರದಿಯಲ್ಲಿ ಸೂಜಿ ಹಾಕುವ ಮೊದಲೇ ಸಿಸ್ಟರಿಗೂ ಹೇಳು. ರಕ್ತ ಹೆಪ್ಪುಗಟ್ಟದಂತೆ ಮಷೀನಿಗೆ ಹೆಪಾರಿನ್ ಕೊಡುತ್ತಾರೆ, ತಲೆಯೊಳಗೆ ಸಣ್ಣಗೆ ರಕ್ತ ಒಸರುತ್ತಿದ್ದರೆ ಅದು ಹೆಚ್ಚಾಗುತ್ತದೆ. ಹೇಳಿದರೆ ಅಂದು ಹೆಪಾರಿನ್ ಇಲ್ಲದೆಯೂ ಡಯಾಲಿಸಿಸ್ ಮಾಡಬಲ್ಲರು. ಈ ಮಾತನ್ನು ನಿನ್ನ ಹೆಂಡತಿಗೂ ಓದಿ ಹೇಳು. ಬಿದ್ದ ದಿನ ನಿನಗೇ ಬಾಯಿ ಬಾರದಿದ್ದರೆ ಅಲ್ಲಿ ಹೇಳಬೇಕಾದವಳು ಅವಳು.