ಜೋಳಿಗೆಗೆ ಹಾಕುವ ಮುನ್ನ

ಅನಾಥಶಿಶುಗಳಿಗೆ ನೂತನ ನಿಲಯವೊಂದನ್ನು ಕಟ್ಟಿಸುವೆವೆಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದು ರಸೀತಿ ಪುಸ್ತಕವನ್ನು ತೆರೆದಾಗ, ಕರುಣೆಯ ಭರದಲ್ಲಿ ಕೈ ಹಣದ ಚೀಲಕ್ಕೆ ಹೋಗುವ ಮುನ್ನ, ಆ ಸಂಸ್ಥೆಯು 2015ರ ಬಾಲನ್ಯಾಯ ಕಾಯಿದೆಯಂತೆ ನೋಂದಣಿ ಹೊಂದಿದೆಯೇ, ಅಲ್ಲಿಗೆ ಮಕ್ಕಳು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದಲೇ ಸೇರುವರೇ ಎಂಬುದನ್ನು ಸಂಕೋಚವಿಲ್ಲದೆ ವಿಚಾರಿಸಿರಿ. ಕೇಳಿದ್ದಕ್ಕೆ ಮುನಿಯುವವರು ಲೆಕ್ಕವನ್ನೂ ಕೊಡಲಾರರು.

ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಅಲೆದು, ‘ತಿರುಕ’ ಎಂಬುದನ್ನೇ ಕಾವ್ಯನಾಮವಾಗಿ ಧರಿಸಿ, ಅನಾಥಸೇವಾಶ್ರಮವನ್ನು ಬೆಳೆಯಿಸಿದುದು ನಾಡು ಬಲ್ಲ ಸಂಗತಿ; ಹಾಗೆಂದು ಕಂಡ ಜೋಳಿಗೆಗಳಿಗೆಲ್ಲ ನಮಸ್ಕರಿಸಬೇಕೆಂದಿಲ್ಲ.

ಕಟ್ಟಡದ ನಕ್ಷೆಯನ್ನೂ ಬಿಡಿಸಿ ನೋಡಿರಿ. ಐವತ್ತು ಮಕ್ಕಳಿಗೆ ತಲಾ 1000 ಚದರಡಿಯ ಎರಡು ಶಯನಶಾಲೆಗಳು, ಅಂದರೆ ಮಗುವೊಂದಕ್ಕೆ 40 ಚದರಡಿ, ಇರಬೇಕೆಂಬುದು ಬಾಲನ್ಯಾಯ ಕಾಯಿದೆಯಡಿಯ 2016ರ ಮಾದರಿ ನಿಯಮ. ಹೆಬ್ಬಾಗಿಲ ಕಮಾನಿಗೂ ದಾನಿಗಳ ಶಿಲಾಫಲಕಕ್ಕೂ ವಿಶಾಲವಾದ ಸ್ಥಳವಿಟ್ಟು ಬಚ್ಚಲಿಗೆ ಮೂಲೆಯೊಂದನ್ನು ಹುಡುಕುವ ಶಿಲ್ಪಚಾತುರ್ಯ ನಮ್ಮಲ್ಲಿ ಅಪರೂಪವಲ್ಲ.

ಇನ್ನೊಂದು ಮಾತು: ಇಟ್ಟಿಗೆಗೆ ಕೊಡುವವರು ಬಹುಮಂದಿ, ಗೃಹಪ್ರವೇಶವಾದ ಮರುದಿನದ ಅಕ್ಕಿಗೂ, ಆಯಾಳ ಸಂಬಳಕ್ಕೂ, ರಾತ್ರಿ ಜ್ವರ ಬಂದ ಮಗುವಿನ ಔಷಧಿಗೂ ಕೊಡುವವರು ವಿರಳ. ಆದುದರಿಂದ ನೀವು ಕೊಡಬೇಕೆಂದಿರುವ ಹಣದಲ್ಲಿ ಅರ್ಧವನ್ನು ಗೋಡೆಗಿತ್ತು, ಉಳಿದರ್ಧವನ್ನು ತಿಂಗಳು ತಿಂಗಳು, ಫಲಕದ ಆಸೆಯಿಲ್ಲದೆ, ಅಡುಗೆಮನೆಗೆ ಕಳುಹಿಸಿರಿ.